ಕೊನೆಭಾಗದಿಂದ ಲೆಕ್ಕ ಶುರು

ಸಿಂಧನೂರು, ಮಾನ್ವಿ ಕಡೆ ನೀರಾವರಿ ಎಂಜಿನಿಯರ್ ಆಗಿ ದುಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಕಾಲುವೆಯ ಸ್ಥಿತಿ ತಿಳಿಯಲು ಜಲಾಶಯಕ್ಕೆ ಹೋಗದೆ ಕೊನೆಭಾಗಕ್ಕೆ ಹೋಗುವುದು. ತುಂಗಭದ್ರಾ ಎಡದಂಡೆ ಕಾಲುವೆ ತಾನು ಶುರುವಾಗುವ ಮುನಿರಾಬಾದಿನಲ್ಲಿ ತುಂಬಿ ಹರಿಯುವಾಗಲೂ, ದೂರದ ಮೈಲ್ 104ರಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ನೋಡಿದವರಿಗೇ ನಿಜ ಗೊತ್ತು. ಉತ್ತರ ಶ್ರೀಲಂಕಾದ ಕಿಲಿನೊಚ್ಚಿಯಲ್ಲಿ ಪುನರ್ನಿರ್ಮಾಣದ ಅಗತ್ಯಗಳನ್ನು ಅಂದಾಜಿಸುವ ತಂಡ ಸೇರಿದಾಗ ನನ್ನ ಬಂಡವಾಳ ಇಷ್ಟೇ.

ಅಲ್ಲಿ 1983ರಲ್ಲಿ ಶುರುವಾದ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಪ್ರವಾಹ ಬಂದು ಹೋದ ಊರಿನಲ್ಲಿ ‘ಮೊದಲಿದ್ದಂತೆ ಮಾಡಿಕೊಡಿ’ ಎಂದು ಕೇಳುತ್ತಾರೆ. ಇಲ್ಲಿ ಯಾವುದನ್ನು ಮೊದಲು ಎನ್ನುವುದು? ಜಮೀನಿನ ಕಾಗದಗಳು ಕಳೆದುಹೋಗಿದ್ದವು, ಎಷ್ಟೋ ಮನೆಗಳನ್ನು ಹೆಂಗಸರೇ ನಡೆಸುತ್ತಿದ್ದರು. ಹಾಗಾಗಿ ಹಾನಿಯ ಪಟ್ಟಿ, ಅಗತ್ಯದ ಪಟ್ಟಿ ಎರಡನ್ನೂ ಬೇರೆ ಬೇರೆ ಬರೆದೆ. ಕುಸಿದ ಗೋಡೆ ಹಾನಿಯ ಪಟ್ಟಿಗೆ ಸೇರುತ್ತದೆ. ಅದನ್ನು ಮತ್ತೆ ಕಟ್ಟಬೇಕೋ ಬೇಡವೋ ಎಂಬುದನ್ನು ಅಲ್ಲಿ ಬದುಕುವವರು ಹೇಳಬೇಕು.

ಇರಣಮಡು ಉತ್ತರ ಪ್ರಾಂತ್ಯದ ಅತಿ ದೊಡ್ಡ ಕೆರೆ. ಬಂದ ತಂಡಗಳೆಲ್ಲ ಏರಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ನಾನು ಕೊನೆಯ ಹೊಲಗಾಲುವೆಯಿಂದ ಮೇಲಕ್ಕೆ ನಡೆಯುತ್ತೇನೆ ಎಂದೆ. ನೆಲಬಾಂಬ್ ತೆರವಾಗಿದೆ ಎಂದು ಖಾತ್ರಿಯಾದ ಜಾಗದಲ್ಲಷ್ಟೇ ಕಾಲಿಡಬಹುದಿತ್ತು. ನಮ್ಮಲ್ಲಿ ಹೂಳೆತ್ತಲು ಜೆಸಿಬಿ ತರಿಸಿದರೆ ಮುಗಿಯಿತು. ಅಲ್ಲಿ ಅದಕ್ಕೂ ಮುನ್ನ ನೆಲಬಾಂಬ್ ತೆಗೆಯುವವರು ಅಂಗುಲ ಅಂಗುಲ ಶೋಧಿಸಿ ಮುಗಿಸಿರಬೇಕು. ಆ ಖರ್ಚನ್ನೂ ಕಾಲವನ್ನೂ ಅಂದಾಜುಪಟ್ಟಿಯ ಮೊದಲ ಸಾಲಿನಲ್ಲೇ ಬರೆದೆ. ಅಲ್ಲಿನ ದೊಡ್ಡ ಭತ್ತದ ಹಂಗಾಮು ‘ಮಹಾ’ ಈಶಾನ್ಯ ಮಳೆಯನ್ನು ನೆಚ್ಚಿಕೊಂಡಿದೆ. ಅಕ್ಟೋಬರಿಗೆ ಮುಗಿಯದ ದುರಸ್ತಿಯಿಂದ ಆ ಬೆಳೆಗೆ ಉಪಯೋಗವಿಲ್ಲ.

ಹೆಚ್ಚು ಕಲಿತದ್ದು ‘ಕನ್ನ’ ಸಭೆಯಲ್ಲಿ. ಹಂಗಾಮಿಗೆ ಮುನ್ನ ರೈತರೂ ಅಧಿಕಾರಿಗಳೂ ಕೂಡಿ, ಎಷ್ಟು ಎಕರೆಗೆ ಎಂದಿನಿಂದ ನೀರು ಬಿಡಬೇಕೆಂದು ತೀರ್ಮಾನಿಸುವ ಸಭೆ ಅದು. (ನಮ್ಮ ನೀರಾವರಿ ಸಲಹಾ ಸಮಿತಿಯಲ್ಲಿ ರೈತರ ದನಿ ಇಷ್ಟು ಕೇಳಿದ ನೆನಪು ನನಗಿಲ್ಲ.) ‘ಏನು ಬೇಕು?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲವೂ ಬೇಕು ಎನ್ನುತ್ತಾರೆ. ‘ನಾಳೆಯೇ ನೀರು ಬಿಟ್ಟರೆ ಬಿತ್ತುತ್ತೀರಾ?’ ಎಂದು ದುಭಾಷಿಯ ಮೂಲಕ ಕೇಳಿದೆ. ಹಲವರು ಇಲ್ಲವೆಂದರು: ಬೀಜವಿಲ್ಲ, ಟ್ರ್ಯಾಕ್ಟರ್ ಇಲ್ಲ. ಒಬ್ಬ ಹೆಂಗಸು, ‘ತೂಬು ಆಮೇಲೆ ನೋಡೋಣ, ಮೊದಲು ನನ್ನ ಗದ್ದೆಯ ಗಡಿ ಎಲ್ಲಿದೆ ಎಂದು ಅಳೆದು ಕೊಡಿ’ ಎಂದರು.

ಗಡಿ ಅಳತೆಯನ್ನು ಸಿಮೆಂಟ್ ಬಾಬ್ತಿಗಿಂತ ಮೇಲೆ ಸೇರಿಸಿದೆ. ಅದು ಎಂಜಿನಿಯರಿಂಗ್ ಕೆಲಸವೇ ಅಲ್ಲ ಎಂದು ತಂಡದಲ್ಲಿ ತಕರಾರು ಎದ್ದಿತು. ಗಡಿ ಇತ್ಯರ್ಥವಾಗದ ಗದ್ದೆಗೆ ಕಾಲುವೆ ತೋಡಿದರೆ ಮರುದಿನವೇ ಅಕ್ಕಪಕ್ಕದವರ ಜಗಳ ಬಿಡಿಸಬೇಕಾಗುತ್ತದೆ ಎಂದು ವಾದಿಸಿ, ಆ ಸಾಲನ್ನು ಉಳಿಸಿಕೊಂಡೆ.