ಪ್ರಸ್ತಾರಕ್ಕೆ ಮರದ ತುಂಡು, ಅಲಂಕಾರಕ್ಕೆ ಕತ್ತೆ: ನನ್ನ ಅನುಭವ

ಹೋದ ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಮ್ಮ ಹತ್ತನೇ ತರಗತಿಯ 42 ಮಕ್ಕಳಲ್ಲಿ 34 ಮಂದಿ ಪ್ರಸ್ತಾರದ, ಅಂದರೆ ಪದ್ಯದ ಸಾಲಿಗೆ ಲಘು-ಗುರು ಗುರುತು ಹಾಕಿ ಗಣ ಬಿಡಿಸುವ ಪ್ರಶ್ನೆಗೆ ಪೂರ್ತಿ ಅಂಕ ತೆಗೆದರು. 33 ಕೂಡ ಇರಬಹುದು, ಅಂಕಪಟ್ಟಿ ಶಾಲೆಯ ಬೀರುವಿನಲ್ಲಿದೆ. ಮೂರು ವರ್ಷದ ಹಿಂದೆ ಇದೇ ಪ್ರಶ್ನೆಗೆ ಎಂಟು ಹತ್ತು ಮಂದಿ ಸರಿ ಬರೆದರೆ ನನಗೆ ಹಬ್ಬ. ಉಳಿದವರು ಅಕ್ಷರದ ಮೇಲೆ ತೋಚಿದ ಹಾಗೆ ಗೆರೆ, ಬಟ್ಟಲು ಹಾಕಿ, ಕೆಳಗೆ 'ಇದು ಭಾಮಿನಿ ಷಟ್ಪದಿ' ಎಂದು ಬರೆದು ಅರ್ಧ ಅಂಕಕ್ಕೆ ಕಾಯುತ್ತಿದ್ದರು.

ಶಿರಾ ಕಡೆಯ ಒಂದು ಹಳ್ಳಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಮರದ ತುಂಡು ಇಟ್ಟುಕೊಂಡು ಛಂದಸ್ಸು ಕಲಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ಒಂದು ಕಾರ್ಯಾಗಾರದಲ್ಲಿ ತೋರಿಸಿದೆ. ಹಿರಿಯರೊಬ್ಬರು, "ಇದೆಲ್ಲ ನಲಿ-ಕಲಿಯ ಚಿಕ್ಕ ಮಕ್ಕಳಿಗೆ ಸರಿ ಕಣಯ್ಯ, ಎಸ್ಸೆಸ್ಸೆಲ್ಸಿಗೆ ಬಾಯಿಪಾಠವೇ ಗತಿ" ಎಂದುಬಿಟ್ಟರು. ಅವತ್ತು ಸುಮ್ನೆ ಇದ್ದೆ. ಈಗ ಬರೆಯುತ್ತಿದ್ದೇನೆ.

ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಒಂದು ಮಾತ್ರೆಯದು ಲಘು, ಎರಡರದು ಗುರು. ಕನ್ನಡ ಮೇಷ್ಟ್ರಾದ ನಿಮಗೆ ಇದನ್ನು ಹೇಳಬೇಕಿಲ್ಲ. ನಿಜ ಹೇಳಬೇಕೆಂದರೆ ಮಕ್ಕಳಿಗೂ ಹೇಳಬೇಕಿಲ್ಲ. 'ಗುರು ಯಾವುದೋ?' ಅಂದರೆ ದೀರ್ಘ, ಒತ್ತಕ್ಷರದ ಹಿಂದಿನದು, ಅನುಸ್ವಾರ, ವಿಸರ್ಗ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ತೊಂದರೆ ಶುರುವಾಗುವುದು ಗಣ ಬಿಡಿಸುವಾಗ, ಅಂದರೆ ಸಾಲನ್ನು ಮೂರು, ನಾಲ್ಕು, ಐದು ಮಾತ್ರೆಯ ಗುಂಪಾಗಿ ಒಡೆಯುವಾಗ. ಗುರು ಅಂದರೆ ಸೀಳೋಕೆ ಬಾರದ ಗಟ್ಟಿ ವಸ್ತು, ಅರ್ಧ ಈ ಗಣಕ್ಕೆ ಅರ್ಧ ಆ ಗಣಕ್ಕೆ ಹಂಚೋಕಾಗಲ್ಲ. ಇದು ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಮೊದಲು ಹಿಡಿದದ್ದು ಚಿಲ್ಲರೆ ಕಾಸು. ಒಂದು ರೂಪಾಯಿ ಲಘು, ಎರಡು ರೂಪಾಯಿ ಗುರು. ಷಟ್ಪದಿ ಅಂದರೆ ಆರು ಸಾಲಿನ ಪದ್ಯ, ಅದರಲ್ಲಿ ಭಾಮಿನಿಗೆ ಮೂರು ರೂಪಾಯಿ, ನಾಲ್ಕು ರೂಪಾಯಿ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಗುಡ್ಡೆ ಮಾಡಬೇಕು. ಪೆಟ್ಟಿಗೆ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಅಭ್ಯಾಸ ಇರುವ ಮಕ್ಕಳು, ಚಕ್ಕನೆ ಹಿಡಿದರು. ಎರಡನೇ ದಿನವೇ ಬಣ್ಣ ಬಯಲಾಯಿತು. ಮೂರರ ಗುಡ್ಡೆಯಲ್ಲಿ ಎರಡು ರೂಪಾಯಿ ಬಿದ್ದಿದೆ, ಕೈಯಲ್ಲಿರುವುದು ಇನ್ನೊಂದು ಎರಡು ರೂಪಾಯಿ. ಹಿಂದಿನ ಬೆಂಚಿನವನು ಕೂಗಿದ: "ಸಾರ್, ಇದಕ್ಕೆ ಚಿಲ್ಲರೆ ಕೊಡಿ!" ಅವನ ಲೆಕ್ಕ ತಪ್ಪಲ್ಲ. ಎರಡು ರೂಪಾಯಿಗೆ ಎರಡು ಒಂದು ರೂಪಾಯಿ ಎಲ್ಲಿ ಬೇಕಾದರೂ ಸಿಗುತ್ತೆ. ನಾನು ಯಾವುದನ್ನು ಬೇಡ ಅನ್ನಬೇಕೋ ಅದನ್ನೇ ಕಾಸು ಕಲಿಸುತ್ತಿತ್ತು. ಇನ್ನೊಂದು ನಷ್ಟ, 200 ರೂಪಾಯಿ ಚಿಲ್ಲರೆ ತಂದವನು ವಾರ ಕಳೆದು ಎಣಿಸಿದರೆ 140 ಉಳಿದಿತ್ತು. ಯಾರನ್ನೂ ಕೇಳಲಿಲ್ಲ.

ಆಮೇಲೆ ಕಡಲೆಕಾಯಿ. ನಮ್ಮ ಹೊಲದ್ದೇ, ದುಡ್ಡಿಲ್ಲ. ಒಂದು ಬೀಜದ ಕಾಯಿ ಲಘು, ಎರಡು ಬೀಜದ ಕಾಯಿ ಗುರು. ಇದು ನನ್ನ ಜೀವನದ ಅತಿ ದೊಡ್ಡ ಐಡಿಯಾ ಎಂದುಕೊಂಡು ರಾತ್ರಿ ಎಲ್ಲ ಕೂತು ಕಾಯಿ ಆರಿಸಿದೆ. ಹೆಂಡತಿ ಕೇಳಿದಳು, "ಬಿತ್ತನೆಗಾ?" ತರಗತಿಯಲ್ಲಿ ಮೊದಲ ಹತ್ತು ನಿಮಿಷ ಸೊಗಸಾಗಿತ್ತು. ಒಬ್ಬಳು ಮೂರು ಬೀಜದ ಕಾಯಿ ಹಿಡಿದು "ಇದು ಪ್ಲುತಾನಾ ಸಾರ್?" ಎಂದಳು. ಪ್ಲುತ ಅಂದರೆ ಮೂರು ಮಾತ್ರೆಗೆ ಎಳೆಯುವ ಸ್ವರ. ಅಂಥ ಪ್ರಶ್ನೆ ಆ ಕ್ಲಾಸಿನಲ್ಲಿ ಅದೇ ಮೊದಲು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಗುರುಗಳೆಲ್ಲ ಹೊಟ್ಟೆ ಸೇರಿದ್ದರು, ಲಘುಗಳು ಮಾತ್ರ ಮಿಕ್ಕಿದ್ದವು. ಸಿಪ್ಪೆ ಗುಡಿಸಿದ್ದು ನಾನೇ.

ಆಮೇಲೆ ಹಿಡಿದ ರಟ್ಟಿನ ಬಗ್ಗೆ ಒಂದೇ ಮಾತು. 240 ರೂಪಾಯಿ ಹೋಯಿತು, ಜುಲೈ ತಿಂಗಳ ತೇವಕ್ಕೆ ಎಲ್ಲ ಹಪ್ಪಳದ ಹಾಗೆ ಸುರುಳಿಯಾಯಿತು.

ಮರಕ್ಕೆ ಬಂದದ್ದು ಮನೆ ಹಂಚು ರಿಪೇರಿ ಮಾಡಿಸುವಾಗ. ಬಡಗಿ ಕತ್ತರಿಸಿ ಬಿಸಾಕಿದ ರೀಪರ್ ತುಂಡುಗಳು ಅಂಗಳದಲ್ಲಿದ್ದವು. ಲಘು ಒಂದು ಇಂಚು, ಗುರು ಎರಡು ಇಂಚು. ಗಣ ಅಂದರೆ ಅಷ್ಟೇ ಇಂಚಿನ ದೋಣಿ. ಮೂರು ಮಾತ್ರೆಗೆ ಮೂರು ಇಂಚು, ನಾಲ್ಕಕ್ಕೆ ನಾಲ್ಕು, ಐದಕ್ಕೆ ಐದು. ತುಂಡನ್ನು ಸೀಳೋಕಾಗಲ್ಲ, ಚಿಲ್ಲರೆ ಸಿಗಲ್ಲ, ತಿನ್ನೋಕಂತೂ ಆಗಲ್ಲ. ದೋಣಿಗೆ ಎಲೆಕ್ಟ್ರಿಷಿಯನ್ನರ ಕೇಸಿಂಗ್ ಪಟ್ಟಿ ತಂದೆ, ವೈರ್ ಮುಚ್ಚುವ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದು. ಉದ್ದ ಪಟ್ಟಿಗೆ ನಲವತ್ತೋ ಐವತ್ತೋ ಕೊಟ್ಟ ನೆನಪು. ಮುಚ್ಚಳ ತೆಗೆದರೆ ಕಾಲುವೆ ಸಿಗುತ್ತೆ. ಎರಡೂ ತುದಿ ತೆರೆದೇ ಇರಲಿ. ತುಂಡು ಹೊರಗೆ ಚಾಚಿದರೆ ಕಣ್ಣಿಗೆ ಕಾಣಬೇಕು.

ಮೊದಲ ಕಂತು ಹಾಳಾಯಿತು, ಅದಕ್ಕೆ 650 ರೂಪಾಯಿ. ಬಡಗಿ ಉದ್ದ ರೀಪರ್ ಮೇಲೆ ಇಂಚಿಗೊಂದು ಗೆರೆ ಒಂದೇ ಸಲ ಎಳೆದು ಟಕಟಕ ಕೊಯ್ದಿದ್ದ. ಗರಗಸ ಪ್ರತಿ ಸಲವೂ ಒಂದಷ್ಟು ಮರ ತಿನ್ನುತ್ತೆ ಅಲ್ವಾ? ಒಂದು ಗುರುವಿಗೆ ಒಂದು ಸಲ ತಿಂದರೆ, ಎರಡು ಲಘುವಿಗೆ ಎರಡು ಸಲ. ನಾಲ್ಕು ಲಘು ಜೋಡಿಸಿದರೆ ನಾಲ್ಕು ಇಂಚಿನ ದೋಣಿಯಲ್ಲಿ ಅರ್ಧ ಇಂಚಿಗೆ ಸ್ವಲ್ಪ ಕಮ್ಮಿ ಜಾಗ ಖಾಲಿ. ಮಕ್ಕಳು ಅಲ್ಲಿ ಇನ್ನೊಂದು ಲಘು ತುರುಕಲು ಹೊರಟರು. ಎರಡನೇ ಸಲ ಎದುರಿಗೇ ಕೂತು, ಪ್ರತಿ ತುಂಡನ್ನೂ ಕೊಯ್ದ ಮೇಲೆ ಹೊಸದಾಗಿ ಅಳೆದು ಗೆರೆ ಹಾಕಿಸಿದೆ. ಮರ, ಕೂಲಿ, ಉಜ್ಜುವ ಕಾಗದ, ಬಣ್ಣ ಸೇರಿ 1,100 ಆಯಿತು. ಕೇಸಿಂಗ್ ಬೇರೆ. ಕಾಸಿನಿಂದ ಹಿಡಿದು ಎಲ್ಲ ಕೂಡಿಸಿದರೆ ಜೇಬಿನಿಂದ 2,300 ಹತ್ತಿರ ಹೋಗಿದೆ. ಶಾಲೆಯ ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಆಮೇಲೆ 500 ಕೊಟ್ಟರು, ಅದಕ್ಕೂ ಮೂರು ಸಭೆ ಆಯಿತು.

ಆರು ಗುಂಪು, ಒಂದೊಂದಕ್ಕೂ 40 ಲಘು, 25 ಗುರು. ಇಷ್ಟಿದ್ದರೆ ಷಟ್ಪದಿಯ ಯಾವ ಸಾಲೂ ತುಂಡು ಸಾಲದೆ ನಿಲ್ಲಲ್ಲ. ಭಾಮಿನಿಯ ಮೊದಲ ಸಾಲು ಡೆಸ್ಕಿನ ಮೇಲೆ 14 ಇಂಚು, ಮೂರನೆಯದು 23 ಇಂಚು. ಶರ ಷಟ್ಪದಿಗೆ ಅವೇ ಸಾಲು 8 ಮತ್ತು 14. ವಾರ್ಧಕ ಷಟ್ಪದಿಯ ಮೂರನೇ ಸಾಲು 32 ಇಂಚು, ಡೆಸ್ಕಿನ ಮುಕ್ಕಾಲು ಪಾಲು ಅದೇ ತಿನ್ನುತ್ತೆ. ಯಾವ ಷಟ್ಪದಿ ಎಂದು ಈಗ ಯಾರೂ ಊಹೆ ಮಾಡುವುದಿಲ್ಲ, ದೂರದಿಂದ ಉದ್ದ ನೋಡಿಯೇ ಹೇಳುತ್ತಾರೆ. ಮೂರನೇ ಸಾಲಿನ ಕೊನೆಯ ಗುರುವನ್ನು ದೋಣಿಯ ಹೊರಗೆ ಒಂಟಿಯಾಗಿ ಇಡಿಸುತ್ತೇನೆ. ಮೂರು ಮೂರು ಅಕ್ಷರಕ್ಕೆ ಗಣ ಎಣಿಸುವ ವೃತ್ತಗಳಿಗೆ ದೋಣಿ ಬೇಡ. ಮೂರು ಮೂರು ತುಂಡು ಜೋಡಿಸಿಕೊಂಡು ಗಣ ನೆನಪಿಡುವ ಸೂತ್ರ ಯಮಾತಾರಾಜಭಾನಸಲಗಂ ಹೇಳಿಕೊಂಡರೆ ಮುಗಿಯಿತು.

ಒತ್ತಕ್ಷರ ಬಂದಾಗ ಮಕ್ಕಳು ಒತ್ತಕ್ಷರಕ್ಕೇ ಗುರು ಹಾಕುತ್ತಾರೆ, ಅದರ ಹಿಂದಿನದಕ್ಕೆ ಹಾಕುವುದಿಲ್ಲ. ನಿಮ್ಮಲ್ಲೂ ಇದೇ ಕಥೆ ಇರಬೇಕು. ಇದಕ್ಕೆ ನಾನು ತುಂಡುಗಳ ಬಣ್ಣದಲ್ಲಿ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಕಂಡುಹಿಡಿಯೋಕೆ ನನಗೆ ಒಂದು ವರ್ಷ ಹಿಡಿಯಿತು, ನೀವೂ ಒಂದು ತಿಂಗಳಾದರೂ ತಲೆ ಕೆರೆದುಕೊಳ್ಳಿ.

ಈ ಪದ್ಧತಿಗೆ ಮರ್ಯಾದೆ ಬಂದದ್ದು ಒಂದು ಗೈಡಿನ ತಪ್ಪಿನಿಂದ. ಕುಮಾರವ್ಯಾಸನ ಮೊದಲ ಪದ್ಯ, ಮೂರನೇ ಸಾಲು, 'ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ'. ಗೈಡಿನಲ್ಲಿ 'ಸಜನ' ಎಂದು ಅಚ್ಚಾಗಿತ್ತು, ಒತ್ತು ಬಿದ್ದುಹೋಗಿತ್ತು. ನಾನು ಗಮನಿಸದೆ ಅದನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಗುಂಪಿನ ಹುಡುಗಿಯರು ಜೋಡಿಸುತ್ತಾ ಹೋದರು. ನಾಲ್ಕರ ದೋಣಿಯಲ್ಲಿ ಸ, ಜ, ನ ಇಟ್ಟರೂ ಒಂದು ಇಂಚು ಖಾಲಿ. ಸರಿ, ಮುಂದಿನ ನಿ ಎಳೆದುಕೊಂಡರು. ಆಮೇಲೆ ಮೂರರ ದೋಣಿಯಲ್ಲಿ ಕ, ರ ಇಟ್ಟು 'ದಾ' ಇಡಲು ಹೋದರೆ ಆ ಗುರು ಒಂದು ಇಂಚು ಹೊರಗೆ. ತಿರುಗಿಸಿ ಮುರುಗಿಸಿ ನೋಡಿದರು. "ಸಾರ್, ನಮ್ಮ ತಪ್ಪಲ್ಲ, ಸಾಲೇ ತಪ್ಪು" ಎಂದರು. ಪಠ್ಯ ತೆಗೆಸಿದೆ. ಸಾಲೇ ತಪ್ಪು! ಹದಿನೇಳು ವರ್ಷದ ಸರ್ವಿಸಿನಲ್ಲಿ ನನ್ನ ಬೋರ್ಡಿನ ಮೇಲಿನ ಛಂದಸ್ಸನ್ನು ವಿದ್ಯಾರ್ಥಿಗಳು ತಿದ್ದಿದ್ದು ಅದೇ ಮೊದಲು. ಮನೆಗೆ ಹೋಗಿ ಎರಡು ಸಲ ಹೇಳಿಕೊಂಡೆ.

ಇನ್ನು ಅಲಂಕಾರ. ಇದಕ್ಕೆ ಖರ್ಚು ಸೊನ್ನೆ. ಮೊದಲು ನಾನೂ ಎಲ್ಲರ ಹಾಗೆ 'ಅಂತೆ, ಹಾಗೆ, ವೋಲ್ ಬಂದರೆ ಉಪಮೆ' ಎಂದು ಉರು ಹೊಡೆಸಿದವನೇ. ಒಂದು ದಿನ ಒಬ್ಬ 'ನಾಳೆ ರಜೆಯಂತೆ' ಅನ್ನುವ ವಾಕ್ಯವನ್ನು ಉಪಮಾಲಂಕಾರಕ್ಕೆ ಉದಾಹರಣೆ ಬರೆದ. ನಗುವುದೋ ಅಳುವುದೋ. ಅವತ್ತೇ ಆ ಪಟ್ಟಿ ಬಿಟ್ಟೆ.

ಮನೆಯಲ್ಲಿ ಯಾರು ಯಾರಿಗೆ ಏನೆಂದು ಬೈಯುತ್ತಾರೋ ಒಂದೊಂದು ಬರೆದುಕೊಂಡು ಬನ್ನಿ ಎಂದೆ. ತೀರಾ ಕೆಟ್ಟದ್ದು ಬೇಡ ಎಂದೂ ಹೇಳಿದೆ. 42 ಚೀಟಿಯಲ್ಲಿ ಹದಿನೈದು ಹದಿನಾರು ಕತ್ತೆ. ಹಾಗಾದರೆ ಕತ್ತೆಯೇ ಸರಿ ಎಂದು ಹಿಡಿದೆ. 'ನಮ್ಮಣ್ಣ ಕತ್ತೆ ಥರ ದುಡಿಯುತ್ತಾನೆ.' ಉಪಮೇಯ ಅಣ್ಣ, ಉಪಮಾನ ಕತ್ತೆ, ವಾಚಕ ಥರ, ಸಮಾನ ಧರ್ಮ ದುಡಿತ. ನಾಲ್ಕೂ ಇವೆ, ಪೂರ್ಣೋಪಮೆ. ಕೊನೆಯ ಪದ ಒರೆಸಿದೆ. 'ನಮ್ಮಣ್ಣ ಕತ್ತೆ ಥರ.' ಏನು ಥರ ಎಂದು ಹೇಳಿಲ್ಲ, ಲುಪ್ತೋಪಮೆ. 'ಥರ' ಒರೆಸಿದೆ. 'ನಮ್ಮಣ್ಣ ಕತ್ತೆ.' ತರಗತಿ ಹೋ ಎಂದಿತು, ರೂಪಕ ಬಂತು. ಅಣ್ಣ ಬೇರೆ ಕತ್ತೆ ಬೇರೆ ಅನ್ನುವ ಭೇದವೇ ಹೋಯಿತು. ಆಮೇಲೆ ಹೊಸದಾಗಿ ಬರೆದೆ: 'ಅಣ್ಣ ಮೂಟೆ ಹೊತ್ತು ಬರುವುದು ನೋಡಿದರೆ ಕತ್ತೆಯೇ ಎರಡು ಕಾಲಲ್ಲಿ ಎದ್ದು ಬಂತೇನೋ!' ಉತ್ಪ್ರೇಕ್ಷೆ. ಒಂದು ಕತ್ತೆ, 40 ನಿಮಿಷ, ಒಂದು ಡಸ್ಟರ್.

ದೃಷ್ಟಾಂತಕ್ಕೆ 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಇದ್ದೇ ಇದೆ. ಶ್ಲೇಷೆಗೆ 'ಕರಿ' ಕೊಟ್ಟೆ. ಕಪ್ಪು, ಆನೆ, ಎಣ್ಣೆಯಲ್ಲಿ ಕರಿ. ಆನೆಯನ್ನು ಬಾಣಲೆಗೆ ಹಾಕಿ ಆಮೇಲೆ ಅವರೇ ಮುಂದುವರಿಸಿದರು. ವಾರದೊಳಗೆ ಒಬ್ಬ ಹುಡುಗನ ತಂದೆ ಶಾಲೆಗೆ ಬಂದರು. "ಏನ್ ಸಾರ್, ನಾನು ಬೈದಿದ್ದನ್ನೆಲ್ಲ ನನ್ನ ಮಗ ನೋಟ್ ಬುಕ್ಕಲ್ಲಿ ಬರೆದು ಕೆಳಗೆ ಗೆರೆ ಹೊಡೀತಾನೆ." ಟೀ ಕೊಡಿಸಿ ಕಳಿಸಿದೆ. ಅವರ ಬೈಗುಳದಲ್ಲಿ ಒಂದು ಒಳ್ಳೆಯ ಉತ್ಪ್ರೇಕ್ಷೆ ಇತ್ತು, ಈಗಲೂ ಪಾಠದಲ್ಲಿ ಬಳಸುತ್ತೇನೆ.

ತುಂಡುಗಳು ಕೈಗೆ ಬಂದ ಮೇಲೆ ಮಕ್ಕಳು ಕಂಡಿದ್ದಕ್ಕೆಲ್ಲ ಪ್ರಸ್ತಾರ ಹಾಕಿದರು. ಒಬ್ಬ ಗೇಟಿನ ಬೋರ್ಡು ಹಿಡಿದ. 'ಸರ್ಕಾರಿ ಪ್ರೌಢಶಾಲೆ'. ಸರ್ಕಾ ನಾಲ್ಕು, ರಿಪ್ರೌ ನಾಲ್ಕು, ಢಶಾಲೆ ನಾಲ್ಕು. ಒಟ್ಟು 12 ಮಾತ್ರೆ. "ಸಾರ್, ನಮ್ಮ ಶಾಲೆ ಕಂದಪದ್ಯದ ಮೊದಲ ಸಾಲು!" ನನಗೂ ರೋಮಾಂಚನ. ಆಮೇಲೆ ನೋಡಿದರೆ ಮೂರನೇ ಗಣ ಲಘು-ಗುರು-ಲಘು, ಜಗಣ. ಕಂದದಲ್ಲಿ ಒಂದು, ಮೂರು, ಐದು, ಏಳು ಈ ವಿಷಮ ಜಾಗದಲ್ಲಿ ಜಗಣ ಕೂರುವ ಹಾಗಿಲ್ಲ. ಹುಡುಗ ಎರಡು ದಿನ ಬೇಜಾರಾಗಿದ್ದ.

ತ್ರಿಪದಿಯಲ್ಲಿ ಮಾತ್ರ ಸೋತೆ. ಅದರದು ಅಂಶಗಣ, ಮಾತ್ರೆ ಎಣಿಸಿ ಕಟ್ಟಿದ್ದಲ್ಲ, ಅದಕ್ಕೆ ಇಂಚಿನ ಲೆಕ್ಕ ಒಗ್ಗುವುದೇ ಇಲ್ಲ. ಒಂದೇ ವಿಷ್ಣುಗಣ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ, ಹಾಡುವಾಗ ಎಳೆದು ಸರಿ ಮಾಡುವುದು ಅದರ ಗುಣ. ಮರ ಎಳೆದರೆ ಬರುತ್ತಾ? ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಎಳೆದು ಮೊಳೆಗೆ ಸಿಕ್ಕಿಸಿ ನೋಡಿದೆ. ಹನ್ನೊಂದು ಗಣದಲ್ಲಿ ಆರು ಮತ್ತು ಹತ್ತನೆಯದು ಬ್ರಹ್ಮ ಅನ್ನುವ ಚಿಕ್ಕ ಗಣ, ಉಳಿದವು ವಿಷ್ಣು. ಬ್ರಹ್ಮಕ್ಕೆ ಚಿಕ್ಕ ತುಂಡು. ಚೆನ್ನಾಗೇ ಕಾಣುತ್ತಿತ್ತು. ಆದರೆ ಎಳೆದಿಟ್ಟ ರಬ್ಬರು ಕೈಯಲ್ಲಿ ಇದ್ದ ಮೇಲೆ ಹುಡುಗರು ತ್ರಿಪದಿಗೆ ಮಾತ್ರ ಎಳೆಯುತ್ತಾರಾ, ಎಳೆದು ಗುರಿ ಇಟ್ಟೂ ಬಿಟ್ಟರು. ಮುಂದಿನ ಬೆಂಚಿನವಳ ಕಿವಿಗೆ ಬಿತ್ತು. ಟ್ಯೂಬು ನಿಂತಿತು. ಈಗ ತ್ರಿಪದಿ ಹಾಡಿಸುತ್ತೇನೆ ಅಷ್ಟೇ.

ಕಾರ್ಯಾಗಾರದಲ್ಲಿ ನಲಿ-ಕಲಿ ಎಂದರಲ್ಲ, ಆ ಹಿರಿಯರು ಹೋದ ತಿಂಗಳು ಫೋನ್ ಮಾಡಿದ್ದರು. "ನಿನ್ನ ಮರದ ತುಂಡು ಒಂದು ಸೆಟ್ ಮಾಡಿಸಿಕೊಡಯ್ಯ" ಎಂದರು. ದೋಣಿ ಸೇರಿ ಸೆಟ್ಟಿಗೆ 350 ಹೇಳಿದ್ದೇನೆ, ಅವರು 200ರಲ್ಲೇ ನಿಂತಿದ್ದಾರೆ. ಬಣ್ಣ ಹಾಕದೆ ಆದರೆ 250ಕ್ಕೆ ಕೊಡಬಹುದು. ಬಡಗಿ ಗಣೇಶನ ಹಬ್ಬ ಕಳೆಯಲಿ ಎಂದಿದ್ದಾನೆ.