ಸೀಟಿನಡಿಯ ನಾಲ್ಕು ಬೆರಳು ಜಾಗ

ಸಿರಿಗೆರೆ ಕ್ರಾಸ್‌ನಿಂದ ಒಳಕ್ಕೆ, ಹೆದ್ದಾರಿಯ ಲಾರಿ ದೀಪಗಳು ಕಾಣದಷ್ಟು ದೂರ ಹೋದ ಮೇಲೆ ನನ್ನ ಬೈಕಿನ ಹಿಂದಿನ ಚಕ್ರ ಪಂಚರಾಗಿ ಕೂತಿತು. ರಾತ್ರಿ ಹನ್ನೊಂದು ಗಂಟೆ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಫೋನ್ ಬಂದು ಹೊರಟಿದ್ದೆ. ನಾನು ಪಶುಸಂಗೋಪನಾ ಇಲಾಖೆಯಲ್ಲಿ ಪರಿವೀಕ್ಷಕ. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ಬ್ಯಾಗಿನಲ್ಲಿ ಹೊಸದಾಗಿ ಕೊಂಡ ನಲವತ್ತು ತುಂಡಿನ ಟೂಲ್ ಸೆಟ್ ಇತ್ತು. ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ಸಾಕೆಟ್ ಹಾಕಿ ನೋಡಿದೆ. ಹಿಂದಿನ ಚಕ್ರದ ನಟ್ಟಿಗೆ ಹಿಡಿಯುವ ಅಳತೆ ಆ ಡಬ್ಬಿಯಲ್ಲೇ ಇರಲಿಲ್ಲ.

ಹೊಲಕ್ಕೆ ನೀರು ಕಟ್ಟಲು ಹೊರಟಿದ್ದ ರೈತರೊಬ್ಬರು ನಿಂತರು. "ಗಾಡಿ ಇಲ್ಲೇ ಬಿಡ್ರಿ ಡಾಕ್ಟ್ರೆ, ನಮ್ ಗಾಡಿ ಹತ್ರಿ, ಬೆಳಿಗ್ಗೆ ನೋಡಾಣ" ಅಂದರು. ಹೋದೆವು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಅರ್ಧ ಗಂಟೆ ಮೊದಲು ಮುಟ್ಟಿದ್ದರೆ ಬದುಕುತ್ತಿತ್ತೇನೋ, ಹೇಳಲಾರೆ. ಆದರೆ ಆ ಅರ್ಧ ಗಂಟೆ ಕಳೆದದ್ದು ನನ್ನಿಂದ. ಮರುದಿನ ಭಾನುವಾರ ಚಿತ್ರದುರ್ಗದ ಮನೆಯಂಗಳದಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಎರಡೂ ಸೈಡ್ ಕವರ್ ಬಿಚ್ಚಿ, ಸೀಟು ಕಳಚಿ ಕೂತೆ.

ನನ್ನದು 2014ರ 100 ಸಿಸಿ ಗಾಡಿ. ಕಾರ್ಬ್ಯುರೇಟರ್, ಕಡ್ಡಿ ಚಕ್ರ, ಟ್ಯೂಬ್ ಇರುವ ಟೈರು. ಸೀಟು ಕೀಲಿಯಿಂದ ತೆಗೆಯುವಂಥದ್ದಲ್ಲ, ಹಿಂಬದಿ ಎರಡು ಬೋಲ್ಟ್ ಬಿಚ್ಚಬೇಕು. ನನ್ನ ಗಾಡಿಗೆ 12ರ ಪಾನಾ. ಇದರಲ್ಲೇ ಮೊದಲ ಪಾಠ ಸಿಕ್ಕಿತು. ಸೀಟು ಬಿಚ್ಚುವ ಪಾನಾವನ್ನು ಸೀಟಿನಡಿಯಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಹಾಗಾಗಿ ಸಾಮಾನನ್ನು ಎರಡು ಪಾಲು ಮಾಡಿದೆ. ಕೀಲಿ ತಿರುಗಿಸಿದರೆ ಬಿಚ್ಚಿಕೊಳ್ಳುವ ಸೈಡ್ ಕವರಿನೊಳಗೆ ಅವಸರಕ್ಕೆ ಬೇಕಾದದ್ದು. ಸೀಟಿನಡಿಯಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬೇಕಾಗುವುದು. ನಿಮ್ಮ ಸೀಟು ಕೀಲಿಯಿಂದ ತೆರೆಯುವಂಥದ್ದಾದರೆ ಈ ತಾಪತ್ರಯ ಇಲ್ಲ.

ಆಮೇಲೆ ಗಾಡಿಯ ಒಂದೊಂದೇ ನಟ್ಟಿಗೆ ಪಾನಾ ಹಾಕಿ ನೋಡಿ, ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡೆ. ಚಕ್ರದ ನಟ್ಟು ಎಷ್ಟು, ಚೈನ್ ಎಳೆಯುವ ನಟ್ಟು ಎಷ್ಟು, ಬ್ರೇಕ್ ರಾಡಿನದು, ಕ್ಲಚ್ ಅಡ್ಜಸ್ಟರ್‌ದು, ಬ್ಯಾಟರಿ ಟರ್ಮಿನಲ್‌ನದು. ಒಂದು ಬೆಳಗಿನ ಕೆಲಸ. ಕೊನೆಗೆ ನೋಡಿದರೆ ಇಡೀ ಗಾಡಿಗೆ ಬೇಕಾದದ್ದು ಎರಡು ಬಾಯಿಯ ಮೂರು ಪಾನಾ, ಚಕ್ರಕ್ಕೆ ಒಂದು ದೊಡ್ಡ ರಿಂಗ್ ಪಾನಾ, ಪ್ಲಗ್ ಪಾನಾ, ತುದಿ ತಿರುಗಿಸಿ ಹಾಕುವ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್. ಅಷ್ಟೇ. ನಲವತ್ತು ತುಂಡಿನ ಡಬ್ಬಿ ಈಗ ಮನೆಯ ಕಪಾಟಿನಲ್ಲಿದೆ. ದೊಡ್ಡ ಪಾನಾವನ್ನು ಲಕ್ಷ್ಮಿ ಬಜಾರ್ ಕಡೆ ಹೋದಾಗ ಕೊಂಡೆ, ಅಂಗಡಿಯ ಮುಂದೆ ನಿಲ್ಲಿಸಿದ ಗಾಡಿಗೇ ಹಾಕಿ ನೋಡಿದ ಮೇಲೆ ದುಡ್ಡು ಕೊಟ್ಟೆ. ನೀವೂ ಹಾಗೇ ಮಾಡಿ. ಬಾಯಿ ಒಂಚೂರು ಸಡಿಲವಿರುವ ಪಾನಾ ನಟ್ಟಿನ ಮೂಲೆಯನ್ನು ತಿಂದುಹಾಕುತ್ತದೆ. ಮೂಲೆ ಹೋದ ನಟ್ಟಿಗೆ ದಾರಿಯಲ್ಲಿ ಯಾವ ಔಷಧಿಯೂ ಇಲ್ಲ.

ಸೀಟಿನಡಿ ಎಷ್ಟು ಜಾಗವಿದೆ ಎನ್ನುವುದು ಕಣ್ಣಳತೆಗೆ ಸಿಗುವುದಿಲ್ಲ, ಸೀಟು ಹಾಕಿದ ಮೇಲೆ ಒಳಗೆ ಕಾಣುವುದಿಲ್ಲವಲ್ಲ. ಮನೆಯವಳನ್ನು ಕೇಳಿ ಚಪಾತಿ ಹಿಟ್ಟಿನ ನಾಲ್ಕು ಉಂಡೆ ಇಸಿದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಾಲ್ಕು ಕಡೆ ಇಟ್ಟು, ಸೀಟು ಕೂರಿಸಿ, ಅದರ ಮೇಲೆ ನಾನೂ ಕೂತು ಎದ್ದೆ. ಬಿಚ್ಚಿ ನೋಡಿದರೆ ಬ್ಯಾಟರಿಯ ಮೇಲಿನ ಉಂಡೆ ಹಪ್ಪಳದಂತೆ ಒತ್ತಿಹೋಗಿತ್ತು, ಮಡ್‌ಗಾರ್ಡಿನ ಮೇಲಿನದು ನಾಲ್ಕು ಬೆರಳು ದಪ್ಪಕ್ಕೆ ಹಾಗೇ ಉಳಿದಿತ್ತು. ನನಗೆ ಸಿಕ್ಕ ಜಾಗ ಅದೇ. ಒಂದು ಗೇಣು ಉದ್ದ, ನಾಲ್ಕು ಬೆರಳು ಎತ್ತರ.

ಬ್ಯಾಟರಿಯ ಹತ್ತಿರ ಕಬ್ಬಿಣದ ಸಾಮಾನನ್ನು ಬಿಡಿಯಾಗಿ ಯಾವತ್ತೂ ಇಡಬೇಡಿ. ಪಾನಾ ಜಾರಿ ಪ್ಲಸ್ ಟರ್ಮಿನಲ್ಲಿಗೂ ಚಾಸಿಗೂ ಒಟ್ಟಿಗೆ ತಾಗಿದರೆ ಕರೆಂಟು ಫ್ಯೂಸಿನ ದಾರಿ ಹಿಡಿಯುವುದೇ ಇಲ್ಲ, ಹಾಗಾಗಿ ಫ್ಯೂಸು ಕಾಪಾಡುವುದಿಲ್ಲ. ಪಾನಾ ಕೆಂಪಗೆ ಕಾಯುತ್ತದೆ, ವೈರು ಹೊತ್ತಿಕೊಳ್ಳಬಹುದು. ನಾನು ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ಗೇಣುದ್ದ ಕತ್ತರಿಸಿದೆ. ಒಂದೊಂದು ಪಾನಾ ಅದರೊಳಗೆ ಬಿಗಿಯಾಗಿ ಕೂರುತ್ತದೆ. ಅದೇ ಟ್ಯೂಬನ್ನು ಬಳೆಯಂತೆ ಕತ್ತರಿಸಿದರೆ ಎಲ್ಲವನ್ನೂ ಕಟ್ಟುವ ರಬ್ಬರ್ ಆಯಿತು. ಕಟಕಟ ಸದ್ದೂ ನಿಂತಿತು.

ಬಟ್ಟೆಯ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಕೈ ಒರೆಸಲು ಬನಿಯನ್ ವೇಸ್ಟ್ ಒಂದು ಮುದ್ದೆ ಸೀಟಿನಡಿ ತುರುಕಿದ್ದೆ. ಹದಿನೈದು ದಿನದಲ್ಲಿ ಗಾಡಿ ಏರು ದಾರಿಯಲ್ಲಿ ಎಳೆಯದಾಯಿತು, ಪೆಟ್ರೋಲ್ ಜಾಸ್ತಿ ಕುಡಿಯತೊಡಗಿತು, ಪ್ಲಗ್ ಬಿಚ್ಚಿದರೆ ಮಸಿ ಕಪ್ಪು. ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ತೊಳೆದರು, ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಕೊನೆಗೆ ಸೀಟು ತೆಗೆದರೆ ಕಂಡಿತು. ಏರ್ ಫಿಲ್ಟರ್ ಡಬ್ಬಿ ಗಾಳಿ ಎಳೆದುಕೊಳ್ಳುವ ಬಾಯಿ ಸೀಟಿನಡಿಯಲ್ಲೇ ಇದೆ, ಬಟ್ಟೆ ಜರುಗಿ ಆ ಬಾಯಿಗೆ ಅಂಟಿಕೊಂಡಿತ್ತು. ಗಾಳಿ ಕಮ್ಮಿ, ಪೆಟ್ರೋಲ್ ಅಷ್ಟೇ, ಮಸಿ ಬಾರದೆ ಇನ್ನೇನು? ಸೀಟಿನಡಿ ಏನನ್ನಾದರೂ ಇಡುವ ಮೊದಲು ನಿಮ್ಮ ಗಾಡಿ ಎಲ್ಲಿಂದ ಉಸಿರಾಡುತ್ತದೆ ಎಂದು ಹುಡುಕಿ, ಅದರ ಸುತ್ತ ಒಂದು ಅಂಗೈ ಜಾಗ ಖಾಲಿ ಬಿಡಿ. ಈಗ ಬಟ್ಟೆ ಸೈಡ್ ಕವರಿನಲ್ಲಿ, ಪಾನಾಗಳಿಗೆ ಸುತ್ತಿಕೊಂಡು ಇರುತ್ತದೆ.

ಪಂಚರಿನ ಮಾತನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸುವವರ ದೊಡ್ಡ ಕಾಟ ಅದೇ. ಕೆರೆಯಂಗಳ, ಹಳ್ಳದ ದಂಡೆ, ಹೊಲದ ಬದು ಎಲ್ಲಾ ಕಡೆ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿನೊಳಗೆ ಮುರಿದು ಕೂರುತ್ತದೆ. ಆ ರಾತ್ರಿ ನಾನು ಚಕ್ರ ಬಿಚ್ಚಬೇಕು ಎಂದುಕೊಂಡದ್ದೇ ತಪ್ಪು. ಭರಮಸಾಗರದ ಪಂಚರ್ ಅಂಗಡಿಯ ಅಣ್ಣನ ಹತ್ತಿರ ಒಂದು ಮಧ್ಯಾಹ್ನ ಕೂತು ನೋಡಿದೆ. ಅವನು ಚಕ್ರ ಬಿಚ್ಚುವುದೇ ಇಲ್ಲ. ಗಾಡಿ ನಡುಸ್ಟ್ಯಾಂಡಿನ ಮೇಲೆ ನಿಂತಿದ್ದಂತೆಯೇ ವಾಲ್ವಿನ ನಟ್ಟು ಬಿಚ್ಚಿ, ಗಾಳಿ ಪೂರ್ತಿ ಬಿಟ್ಟು, ಚೈನ್ ಇಲ್ಲದ ಬದಿಯಿಂದ ಟೈರಿನ ಒಂದೇ ಅಂಚನ್ನು ಎತ್ತಿ, ಟ್ಯೂಬನ್ನು ಹೊರಗೆ ಎಳೆದು ಅಲ್ಲೇ ಪ್ಯಾಚ್ ಹಾಕುತ್ತಾನೆ. ಪೂರಾ ಟ್ಯೂಬ್ ಬದಲಿಸಬೇಕಾದರೆ ಮಾತ್ರ ಚಕ್ರ ಇಳಿಸಬೇಕು.

ಅವನು ತೋರಿಸಿದ ಕೈಚಳಕ ಇದು. ಟೈರಿನ ಅಂಚು ಎತ್ತುವ ಕಬ್ಬಿಣದ ಪಟ್ಟಿ ಹಾಕುವ ಜಾಗದ ಎದುರು ಬದಿಯಲ್ಲಿ ಟೈರಿನ ಅಂಚನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಬೇಕು. ಆಗ ಈ ಬದಿಯಲ್ಲಿ ಸಡಿಲ ಸಿಗುತ್ತದೆ, ಪಟ್ಟಿಗೆ ಹೆಚ್ಚು ಬಲ ಬೇಡ. ಬಲ ಹಾಕಿದಷ್ಟೂ ಟ್ಯೂಬ್ ಚಿವುಟಿ ಹೊಸ ತೂತು ಬೀಳುತ್ತದೆ. ಪ್ಯಾಚ್ ಹಾಕುವ ಮೊದಲು ಟೈರಿನ ಒಳಗೋಡೆಯನ್ನು ಬರಿಗೈಯಲ್ಲಿ ಸವರಬಾರದು. ಹತ್ತಿಬಟ್ಟೆಯಿಂದ ಸವರಿದರೆ ಮುಳ್ಳಿನ ತುದಿಗೆ ಎಳೆ ಸಿಕ್ಕಿ ತಾನೇ ಗುರುತು ಹೇಳುತ್ತದೆ. ಮುಳ್ಳು ತೆಗೆಯದೆ ಪ್ಯಾಚ್ ಹಾಕಿದರೆ ಮೈಲಿ ಹೋಗುವುದರೊಳಗೆ ಮತ್ತೆ ಪಂಚರ್. ಟ್ಯೂಬನ್ನು ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್, ಅಂದರೆ ಪ್ಯಾಚಿನ ಅಂಟು, ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಬೇಕು. ಅವಸರದವರು ಹಸಿಯಲ್ಲೇ ಪ್ಯಾಚ್ ಒತ್ತುತ್ತಾರೆ, ಅದು ನಿಲ್ಲುವುದಿಲ್ಲ. ಟೈರನ್ನು ವಾಪಸ್ ಕೂರಿಸುವಾಗ ವಾಲ್ವಿನ ಜಾಗ ಕೊನೆಗೆ. ವಾಲ್ವನ್ನು ಒಳಕ್ಕೆ ತುಸು ತಳ್ಳಿಕೊಂಡೇ ಅಂಚು ಇಳಿಸಿದರೆ ಟ್ಯೂಬ್ ಅಡಿಗೆ ಸಿಕ್ಕುವುದಿಲ್ಲ.

ಮನೆಯಲ್ಲಿ ಮೊದಲ ಸಲ ಮಾಡಿದಾಗ ನನಗೆ ಒಂದೂವರೆ ಗಂಟೆ ಹಿಡಿಯಿತು, ಒಂದು ಟ್ಯೂಬೂ ಹಾಳಾಯಿತು. ಮೂರನೇ ಭಾನುವಾರಕ್ಕೆ ನಲವತ್ತು ನಿಮಿಷ. ಹಾಳಾಗುವುದಾದರೆ ಅಂಗಳದಲ್ಲೇ ಹಾಳಾಗಲಿ, ಪಕ್ಕದಲ್ಲಿ ನೀರು, ನೆರಳು, ಬೆಳಕು ಇರುತ್ತದೆ. ಈಗ ಸೀಟಿನಡಿಯ ನಾಲ್ಕು ಬೆರಳು ಜಾಗದಲ್ಲಿ ಎರಡು ಟೈರ್ ಪಟ್ಟಿ, ಪ್ಯಾಚ್, ಸಲ್ಯೂಷನ್, ಉಪ್ಪುಕಾಗದ ಇವೆ. ಸಲ್ಯೂಷನ್ ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ನಮ್ಮ ಏಪ್ರಿಲ್ ಬಿಸಿಲಿಗೆ ತೆರೆಯದಿದ್ದರೂ ಒಣಗುತ್ತದೆ. ಗಾಳಿ ಹೊಡೆಯಲು ಮೊಳಕ್ಕಿಂತ ಚಿಕ್ಕ ಕೈಪಂಪು ಸೈಡ್ ಕವರಿನ ಒಳಗೆ. ಕೊಳ್ಳುವಾಗ ಎಚ್ಚರ: ನಮ್ಮ ಹಳೇ ಸೈಕಲ್ಲುಗಳ ವಾಲ್ವೇ ಬೇರೆ, ಬೈಕಿನ ವಾಲ್ವೇ ಬೇರೆ. ಬೈಕಿನ ವಾಲ್ವಿಗೆ ಕೂರುವ ಮೂತಿ ಇದೆಯೇ ಎಂದು ನೋಡಿಯೇ ತನ್ನಿ. 200ಕ್ಕೂ ಹೆಚ್ಚು ಸಲ ಒತ್ತಬೇಕು, ಬೆವರು ಇಳಿಯುತ್ತದೆ, ಆದರೂ ಮುಂದಿನ ಊರಿನ ತನಕ ಹೋಗುವಷ್ಟು ಗಾಳಿ ಬರುತ್ತದೆ. ಟ್ಯೂಬ್‌ಲೆಸ್ ಇರುವವರು ಪುಣ್ಯವಂತರು. ಅವರು ತೂತಿಗೆ ತುರುಕುವ ರಬ್ಬರ್ ಸ್ಟ್ರಿಪ್ಪಿನ ಕಿಟ್ ಇಟ್ಟುಕೊಂಡರೆ ಸಾಕು. ಸ್ಟ್ರಿಪ್, ಸೂಜಿ ಎಲ್ಲಾ ಕೈಯಲ್ಲಿ ಸಿದ್ಧವಾಗುವ ತನಕ ಮೊಳೆ ಕೀಳಬಾರದು ಅನ್ನುವುದೊಂದನ್ನು ನೆನಪಿಡಬೇಕು.

ಕ್ಲಚ್ ವೈರಿಗೆ ಸೀಟಿನಡಿಯಲ್ಲಿ ಜಾಗವೇ ಬೇಡ. ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ, ಟ್ಯಾಂಕಿನ ಅಡಿಯಿಂದ ಹಾಯಿಸಿ, ಎರಡು ತುದಿಗೂ ಟೇಪ್ ಸುತ್ತಿ ಕಟ್ಟಿಬಿಟ್ಟಿದ್ದೇನೆ. ಹಳೆಯದು ತುಂಡಾದರೆ ತುದಿಗಳನ್ನು ಬದಲಿಸುವುದಷ್ಟೇ ಕೆಲಸ, ಟ್ಯಾಂಕ್ ಬಿಚ್ಚುವ ಗೋಜಿಲ್ಲ. ಕಟ್ಟಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ, ವೈರು ಬಿಗಿದರೆ ಸಡಿಲಿಸಿ. ಹಳೇ ವೈರನ್ನೂ ಸುಮ್ಮನೆ ಬಿಟ್ಟಿಲ್ಲ. ಲಿವರಿನ ಬಳಿ ಮೇಲಿನ ತುದಿ ಕಳಚಿ, ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆಯನ್ನು ಆಲಿಕೆಯಂತೆ ಕತ್ತರಿಸಿ ಕೇಬಲ್ಲಿನ ಬಾಯಿಗೆ ರಬ್ಬರಿನಿಂದ ಕಟ್ಟಿ, ಎಂಜಿನ್ ಆಯಿಲ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಣ್ಣೆ ಕೆಳತುದಿಯಲ್ಲಿ ಹನಿಯುತ್ತಿತ್ತು. ಕ್ಲಚ್ ಎಷ್ಟು ಹಗುರಾಯಿತು ಎಂದರೆ ದಿನಕ್ಕೆ ಅರವತ್ತು ಕಿಲೋಮೀಟರ್ ತಿರುಗುವ ನನ್ನ ಎಡಗೈ ಮಣಿಕಟ್ಟಿಗೆ ಅದು ಗೊತ್ತಾಯಿತು. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಲಿ. ವೈರಿನ ಎಳೆಗಳು ಹೆಚ್ಚಾಗಿ ಲಿವರಿನೊಳಗೆ ಕೂರುವ ತುದಿಯ ಗುಂಡಿನ ಬಳಿಯೇ ಮೊದಲು ಬಿಚ್ಚಿಕೊಳ್ಳುತ್ತವೆ. ವಾರಕ್ಕೊಮ್ಮೆ ಅಲ್ಲೊಂದು ಕಣ್ಣು ಹಾಯಿಸಿ.

ಉಳಿದದ್ದು ಸಣ್ಣಪುಟ್ಟದು. ಬಿಡಿ ಫ್ಯೂಸ್: 10 ಆಂಪಿಯರ್‌ದು ಕೆಂಪು, 15ರದ್ದು ನೀಲಿ. ನಿಮ್ಮ ಗಾಡಿಯಲ್ಲಿ ಯಾವ ಬಣ್ಣವಿದೆಯೋ ಅದನ್ನೇ ಇಡಿ, ಸುಟ್ಟ ಫ್ಯೂಸಿಗೆ ತಂತಿ ಸುತ್ತುವ ಕೆಲಸ ಬೇಡ. ಬೈಂಡಿಂಗ್ ವೈರ್ ಒಂದು ಸುರುಳಿ, ಇನ್ಸುಲೇಷನ್ ಟೇಪ್, ಎಂ-ಸೀಲ್. ತಲೆಗೆ ಕಟ್ಟುವ ಟಾರ್ಚು. ಸೆಲ್ಲುಗಳ ನಡುವೆ ಕಾಗದದ ಚೂರು ಸಿಕ್ಕಿಸಿದ್ದೇನೆ, ಅಲುಗಾಟಕ್ಕೆ ಬಟನ್ ಒತ್ತಿಕೊಂಡರೂ ಖಾಲಿಯಾಗುವುದಿಲ್ಲ. ನಮ್ಮ ಕೆಲಸದಲ್ಲಿ ಭುಜದ ತನಕ ಬರುವ ಪ್ಲಾಸ್ಟಿಕ್ ಗ್ಲೌಸ್ ಇರುತ್ತದೆ. ಅದರದೊಂದು ಜೊತೆ ಚೈನ್ ಮುಟ್ಟುವಾಗ ಬಹಳ ಉಪಕಾರಿ, ಅದಾದ ಮೇಲೆ ಹಸುವಿನ ಮೈಗೆ ಮಸಿಗೈ ಹಾಕಬೇಕಾಗಿಲ್ಲ.

ಸೀಟಿನಡಿ ಇಡಬಾರದ್ದರಲ್ಲಿ ಮೊದಲನೆಯದು ಬಾಟಲಿಯಲ್ಲಿ ಪೆಟ್ರೋಲ್. ಎಷ್ಟೋ ಜನ ಇಡುತ್ತಾರೆ. ಕೆಳಗೆ ಬಿಸಿ ಎಂಜಿನ್, ಪಕ್ಕದಲ್ಲಿ ಬ್ಯಾಟರಿ, ಪ್ಲಾಸ್ಟಿಕ್ ಬಾಟಲಿಯೊಳಗೆ ಉಬ್ಬುವ ಆವಿ. ಕೈ ಮುಗಿದು ಕೇಳುತ್ತೇನೆ, ಇಡಬೇಡಿ. ಪವರ್ ಬ್ಯಾಂಕ್, ಸ್ಪ್ರೇ ಡಬ್ಬಿಗೂ ಇದೇ ಮಾತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನೊಬ್ಬ ಐಸ್ ಡಬ್ಬಿ ಹಿಡಿಯಲು ಜಾಗವಿಲ್ಲವೆಂದು ಲಸಿಕೆಯ ಎರಡು ಬಾಟಲಿಗಳನ್ನು ಸೀಟಿನಡಿ ಇಟ್ಟಿದ್ದ. 2ರಿಂದ 8 ಡಿಗ್ರಿಯಲ್ಲಿರಬೇಕಾದ ಲಸಿಕೆ ಅಲ್ಲಿ ಬೆಂದೇ ಹೋಗುತ್ತದೆ. ಎರಡನ್ನೂ ಬಳಸಬೇಡ ಎಂದೆ. ಗಾಡಿಯ ಮೂಲ ಕಾಗದಗಳೂ ಅಲ್ಲಿ ಬೇಡ, ತೊಳೆಯುವಾಗ ನೀರು ಇಳಿಯುತ್ತದೆ. 2018ರಿಂದ ಡಿಜಿಲಾಕರ್‌ನಲ್ಲಿ ತೋರಿಸುವ ದಾಖಲೆಗೂ ಮಾನ್ಯತೆ ಇದೆ. ನಾನು ಜೆರಾಕ್ಸ್ ಒಂದನ್ನು ಜಿಪ್ ಕವರಿನಲ್ಲಿ ಇಟ್ಟಿದ್ದೇನೆ, ಅಷ್ಟೇ.

ಮಳೆಗಾಲಕ್ಕೆ ಮಾಡಿಕೊಂಡ ಒಂದು ಮಾರ್ಪಾಟು ಹೇಳಿಬಿಡುತ್ತೇನೆ. ಎರೆ ಹೊಲದ ದಾರಿಯಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಹೊಲದಂಚಿನಲ್ಲಿ ಕಡ್ಡಿ ಹುಡುಕಿ ಕೆರೆದು ಸಾಕಾಗಿತ್ತು. ಕಮ್ಮಾರರ ಹತ್ತಿರ ಹಳೇ ಗರಗಸದ ಪಟ್ಟಿಯನ್ನು ಗೇಣುದ್ದ ಕತ್ತರಿಸಿಕೊಂಡು, ಹಲ್ಲು ತೇಯಿಸಿ, ತುದಿ ಬಗ್ಗಿಸಿಕೊಂಡಿದ್ದೇನೆ. ಟೈರ್ ಪಟ್ಟಿಗಳ ಜೊತೆ ಅದೂ ಮಲಗುತ್ತದೆ. ಹಿಂದಿನ ಮಡ್‌ಗಾರ್ಡಿಗೆ ಲಾರಿ ಟ್ಯೂಬಿನ ಒಂದು ತುಂಡನ್ನು ಎರಡು ಬೋಲ್ಟಿನಿಂದ ಇಳಿಬಿಟ್ಟಿದ್ದೇನೆ. ಹಿಂದೆ ಬರುವವರ ಮುಖಕ್ಕೆ ಕೆಸರು ಹಾರುವುದಿಲ್ಲ.

ಮಗಳ ನೋಟ್‌ಬುಕ್ಕಿನ ಆ ಹಾಳೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ಸೀಟಿನ ತಳಕ್ಕೆ ಅಂಟಿಸಿದ್ದೇನೆ. ಯಾವ ನಟ್ಟಿಗೆ ಯಾವ ಪಾನಾ, ಯಾವ ಸಾಮಾನು ಯಾವತ್ತು ಬದಲಿಸಿದ್ದು ಎಲ್ಲಾ ಅದರಲ್ಲಿದೆ. ಹೋದ ವಾರ ಜಗಳೂರು ದಾರಿಯಲ್ಲಿ ಕಾಲೇಜು ಹುಡುಗನೊಬ್ಬನ ಗಾಡಿ ಪಂಚರಾಗಿ ನಿಂತಿತ್ತು. ನನ್ನ ಕೊನೆಯ ಪ್ಯಾಚ್ ಅವನ ಟ್ಯೂಬಿಗೆ ಹೋಯಿತು. ಹಾಳೆಯಲ್ಲಿ ಪ್ಯಾಚಿನ ಮುಂದೆ ಈಗ ಸೊನ್ನೆ ಇದೆ. ನಾಳೆ ಬೆಳಿಗ್ಗೆ ಭರಮಸಾಗರದ ಮೇಲೆ ಹೋಗುವಾಗ ಅಣ್ಣನ ಅಂಗಡಿಯಲ್ಲಿ ಹತ್ತು ತೆಗೆದುಕೊಳ್ಳಬೇಕು.