ಮಲೆನಾಡಿನಲ್ಲಿ ಮಡಚುಚಾಕು ಸಂಗ್ರಹ: ಶುರು ಮಾಡುವುದು ಹೇಗೆ?

ಮಲೆನಾಡಿನ ಮನೆಗಳಲ್ಲಿ ಕತ್ತಿಗೆ ಬರವಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ, ಸೊಪ್ಪು ಕಡಿಯಲು ಇನ್ನೊಂದು, ಕವಳದ ಸಂಚಿಯಲ್ಲಿ ಅಡಕತ್ತರಿ. ಇವುಗಳ ನಡುವೆಯೇ ಬೆಳೆದವರಿಗೆ ಜೇಬಿನಲ್ಲಿ ಮಡಚಿಡುವ ಪುಟ್ಟ ಚಾಕುವಿನ ಮೇಲೆ ಮನಸ್ಸಾಗುವುದು ಸಹಜ. ಕೊರಿಯರ್‌ನಲ್ಲಿ ಬಂದ ಡಬ್ಬಿ ಬಿಚ್ಚಿ, ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದಾಗ ಬರುವ ‘ಟಕ್’ ಶಬ್ದದ ಖುಷಿ ಕೇಳಿದವರಿಗೇ ಗೊತ್ತು. ಒಂದು ಬಂದ ಮೇಲೆ ಇನ್ನೊಂದು ಬೇಕು ಅನ್ನಿಸಿಯೇ ಅನ್ನಿಸುತ್ತದೆ.

ಆದರೆ ನಮ್ಮಲ್ಲಿ ಮಳೆ ಇದೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಬೀರುವಿನೊಳಗಿನ ಬೆಲ್ಟಿಗೂ ಬೂಸಲು ಹಿಡಿಯುವ ಊರಿದು. ಹಾಗಾಗಿ ಚಾಕು ಕೊಳ್ಳುವಾಗಲೇ ‘ಆಷಾಢದಲ್ಲಿ ಇದನ್ನು ಎಲ್ಲಿಡಲಿ?’ ಎಂದು ಯೋಚಿಸಬೇಕು. ಹತ್ತು ಕೊಂಡು ಮೂಲೆಗೆ ಹಾಕಿದವರಿಗಿಂತ ಮೂರು ಕೊಂಡು ಮೂರನ್ನೂ ಬಳಸುವವರ ಸಂಗ್ರಹವೇ ನನ್ನ ಕಣ್ಣಿಗೆ ದೊಡ್ಡದು.

ಮೊದಲ ಮೂರು ಯಾವುವು?

ಮೊದಲನೆಯದು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಇದಕ್ಕೆ ಒಳ್ಳೆಯ ಆಯ್ಕೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬಲ್ಲಿ ಕಾರ್ಯಾಗಾರ ತೆರೆದರು. ಇಂದು ಎಲ್ಲರೂ ಗುರುತಿಸುವ ಕೆಂಪು ಹಿಡಿಯ ಚಾಕುವಿನ ಮೂಲ ಮಾದರಿ 1897ರದ್ದು. ಬೆನ್ನಿನ ಸ್ಪ್ರಿಂಗಿನ ಎರಡೂ ಬದಿಗೆ ಉಪಕರಣಗಳನ್ನು ಕೂರಿಸಿದ್ದು ಅದರ ಜಾಣತನ. ನಕಲಿ ಮಾಲು ಜಾಸ್ತಿ. ಬಿಲ್ ಕೊಡುವ ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಎರಡನೆಯದು ಫ್ರಾನ್ಸಿನ ಒಪಿನೆಲ್ 8ನೇ ನಂಬರು. 1890ರಿಂದ ಬಂದಿರುವ ಸರಳ ಚಾಕು. ಮರದ ಹಿಡಿ, ಒಂದೇ ಅಲಗು, ಅದನ್ನು ಭದ್ರ ಮಾಡಲು 1955ರಲ್ಲಿ ಸೇರಿಸಿದ ತಿರುಗುವ ಉಂಗುರ. ಕಾರ್ಬನ್ ಸ್ಟೀಲಿನದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೂರನೆಯದು ಜಪಾನಿನ ಹಿಗೊನೊಕಾಮಿ. ಇದರಲ್ಲಿ ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಅದೇ ಬೀಗ.

ಮೂರೂ ತೆರೆದುಕೊಳ್ಳುವ ರೀತಿ ಬೇರೆ ಬೇರೆ. ನಾಲ್ಕನೆಯದನ್ನು ನೋಡಿ ಮನಸ್ಸು ಹಾರಿದಾಗ ಇದನ್ನೇ ಕೇಳಿಕೊಳ್ಳಿ: ನನ್ನಲ್ಲಿ ಇರುವುದಕ್ಕಿಂತ ಇದು ಯಾವುದರಲ್ಲಿ ಬೇರೆ? ಉತ್ತರ ಸಿಕ್ಕಿದರೆ ಧಾರಾಳವಾಗಿ ಕೊಳ್ಳಿ. ಹಿಡಿಯ ಬಣ್ಣ ಮಾತ್ರ ಬೇರೆ ಆದರೆ ಮುಂದಿನ ಸಂಬಳದವರೆಗೆ ತಡೆಯಿರಿ.

ಡಬ್ಬಿ ಬಿಚ್ಚಿದ ದಿನ

ಕೂಡಲೇ ಕಾಗದ ಕತ್ತರಿಸಲು ಹೋಗಬೇಡಿ. ಹೊಸ ಚಾಕುವಿನ ಅರ್ಧ ಸುಖ ನೋಡುವುದರಲ್ಲಿದೆ. ಸ್ಪ್ರಿಂಗ್ ಚಾಕುವಾದರೆ, ಮಡಚಿದಂತೆಯೇ ಕಿಟಕಿಯ ಬೆಳಕಿಗೆ ಹಿಡಿದು ಬೆನ್ನಿನ ಕಡೆಯಿಂದ ಕಣ್ಣು ಹಾಯಿಸಿ. ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕಿನ ಗೆರೆ ಕಾಣದಿದ್ದರೆ ಕೂಡಿಕೆ ಚೆನ್ನಾಗಿದೆ ಎಂದರ್ಥ. ಈಗ ತಿರುಗಿಸಿ. ಅಲಗು ಎರಡು ತಗಡುಗಳ ನಟ್ಟನಡುವೆ ಮಲಗಿರಬೇಕು. ಒಂದು ಬದಿಗೆ ತಾಗುತ್ತಿದ್ದರೆ ತೆರೆದು ಮುಚ್ಚುವಾಗಲೆಲ್ಲ ಉಜ್ಜಿ ಗೀರು ಬೀಳುತ್ತದೆ.

ನಂತರ ತೆರೆಯಿರಿ. ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಕಟಕಟ ಅಂದರೆ ವಾಪಸ್ ಕಳಿಸಿ. ಮುಚ್ಚುವಾಗ ಕೈಬಿಟ್ಟು ಪಟ್ ಅನ್ನಿಸಬೇಡಿ. ಕೆಲವು ಚಾಕುಗಳಲ್ಲಿ ಅಲಗಿನ ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿದು ಅಲ್ಲಿ ಮೊಂಡಾಗುತ್ತದೆ.

ಕೊನೆಗೆ ಭೂತಗನ್ನಡಿ ತೆಗೆದು ಅಲಗಿನ ಬುಡದ ಮುದ್ರೆ ಓದಿ. ಅಲ್ಲಿರುವುದು ಬರೀ ಹೆಸರಲ್ಲ. ಅಮೆರಿಕದ ಕೇಸ್ ಕಂಪನಿ ತಯಾರಾದ ವರ್ಷವನ್ನು ಆ ಮುದ್ರೆಯ ಚುಕ್ಕಿಗಳಲ್ಲೇ ಗುರುತಿಸುವ ಕ್ರಮವನ್ನು 1970ರಲ್ಲಿ ಶುರು ಮಾಡಿತು. ಮುದ್ರೆ, ಕೊಂಡ ದಿನ, ಬೆಲೆ ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಕೆಲಸ ಕೊಡಿ

ಪೇರಳೆ ಹಣ್ಣು, ಪೆನ್ಸಿಲ್, ಬಾಳೆಪಟ್ಟೆ, ದಾರ, ಇಷ್ಟು ಸಾಕು. ಕಾರ್ಬನ್ ಸ್ಟೀಲಿನ ಚಾಕುವಿಗಾದರೆ ಅಪ್ಪೆಮಿಡಿ ಕೊಯ್ಯುವ ಕಾಲಕ್ಕೆ ಕಾಯಿರಿ. ಮಿಡಿ ಸೀಳಿ ಐದು ನಿಮಿಷ ಹಾಗೇ ಬಿಡಿ. ಆ ಹುಳಿಗೆ ಬೆಳ್ಳಗಿನ ಅಲಗಿನ ಮೇಲೆ ನೀಲಿ, ಬೂದು, ಕಪ್ಪು ಮೋಡಗಳು ಏಳುತ್ತವೆ. ಹಸಿ ಅಡಿಕೆ ಹೋಳು ಮಾಡಿದರೂ ಅಷ್ಟೇ. ಅದರ ಚೊಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹೆದರಬೇಡಿ, ಅದು ಕೆಂಪು ತುಕ್ಕಲ್ಲ. ಆ ಕಪ್ಪು ಕೂತ ಮೇಲೆ ಕೆಂಪು ತುಕ್ಕು ಅಷ್ಟು ಬೇಗ ಹಿಡಿಯುವುದಿಲ್ಲ. ನಿಮ್ಮ ಚಾಕುವಿನ ಮೇಲೆ ಬರುವ ಬಣ್ಣ ಇನ್ನೊಬ್ಬರದರ ಮೇಲೆ ಬರುವುದಿಲ್ಲ. ಕಾರ್ಬನ್ ಸ್ಟೀಲನ್ನೇ ಕೊಳ್ಳಿ ಎಂದದ್ದು ಇದಕ್ಕೇ.

ಹಲಸಿನ ಹಣ್ಣಿಗೆ ಮಾತ್ರ ಮಡಚುಚಾಕು ಬೇಡ. ಮೇಣ ಅಲಗು ತಿರುಗುವ ಕೀಲಿನೊಳಗೆ ಇಳಿದರೆ ತೆಗೆಯುವುದು ಕಷ್ಟ.

ಮಳೆಗಾಲದ ನಾಲ್ಕು ತಿಂಗಳು

ಇಲ್ಲೇ ಸಂಗ್ರಹ ಉಳಿಯುವುದು ಅಥವಾ ಹಾಳಾಗುವುದು. ಮೊದಲಿಗೆ, ಚರ್ಮದ ಚೀಲದಿಂದ ಚಾಕುಗಳನ್ನು ಹೊರಗೆ ತೆಗೆಯಿರಿ. ಚೀಲ ನೋಡಲು ಚೆಂದ, ಆದರೆ ತೇವ ಹೀರಿ ಇಟ್ಟುಕೊಳ್ಳುತ್ತದೆ. ಹಿತ್ತಾಳೆಯ ಭಾಗಗಳಿಗೆ ಹಸಿರು ಕಿಲುಬು ಬರುವುದೂ ಅದರಿಂದಲೇ.

ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ ಹರಳು ಸಿಗುತ್ತದೆ, ತೇವ ಕುಡಿದಾಗ ಹಸಿರಾಗುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ನಮ್ಮಲ್ಲಿ ಆಗ ಬಿಸಿಲೇ ಇರುವುದಿಲ್ಲವಲ್ಲ, ಬಾಣಲೆಯೇ ಗತಿ.

ಎಣ್ಣೆಯ ವಿಷಯ. ಮನೆಯಲ್ಲಿದೆ ಅಂತ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವವರು ಬಹಳ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತೀರ್ಥಹಳ್ಳಿಯ ಡಿಸೆಂಬರ್ ಬೆಳಗಿನಲ್ಲಿ ಚಾಕು ತೆರೆಯುವುದೇ ಕಷ್ಟ ಆಗುತ್ತದೆ. ಹಳತಾದಂತೆ ಅಂಟುತ್ತದೆ ಕೂಡ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಸಾಕು. ಹಣ್ಣು ಕೊಯ್ಯುವ ಚಾಕುವಾದರೆ ತಿನ್ನುವ ಪದಾರ್ಥಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಎಣ್ಣೆ ಸಿಗುತ್ತದೆ, ಅದನ್ನೇ ಬಳಸಿ. ನೆಂಟರು ಬಂದು ಒಂದೊಂದಾಗಿ ಮುಟ್ಟಿ ನೋಡಿದ ಮೇಲೆ ಎಲ್ಲವನ್ನೂ ಒಮ್ಮೆ ಒರೆಸಿ. ಬೆವರಿನ ಉಪ್ಪು ರಾತ್ರಿ ಕಳೆಯುವುದರೊಳಗೆ ಬೆರಳಚ್ಚನ್ನು ತುಕ್ಕಿನಲ್ಲಿ ಮೂಡಿಸಬಲ್ಲದು.

ಒಪಿನೆಲ್‌ನ ಬೀಚ್ ಮರದ ಹಿಡಿ ಮಳೆಗಾಲದಲ್ಲಿ ಊದಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಮುರಿದುಕೊಳ್ಳಬೇಡಿ. ಉಂಗುರ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ತಟ್ಟಿ. ಅಲಗು ತಾನೇ ತುಸು ಮೇಲೇಳುತ್ತದೆ. ಬೇಸಿಗೆಯಲ್ಲೇ ಹಿಡಿಗೆ ಅಗಸೆ ಎಣ್ಣೆ ಕುಡಿಸಿ ಒಣಗಿಸಿಟ್ಟರೆ ಊತ ಕಡಿಮೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಮಸೆಯಲು 1000 ನಂಬರಿನ ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಸಾಣೆಕಲ್ಲು ಸಾಕು. ಎರಡೂ ಬದಿಗೆ ಸುಮಾರು 20 ಡಿಗ್ರಿ ಓರೆ. ತಿರುಗುವ ಸಾಣೆಚಕ್ರಕ್ಕೆ ಕೊಡಬೇಡಿ. ಆ ಬಿಸಿಗೆ ತೆಳು ಅಲಗಿನ ಹದ ಹೋಗುತ್ತದೆ.

ಹಳೆಯದು ಸಿಕ್ಕಿದರೆ

ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಅಂಥ ಜಾತ್ರೆಯ ಸಾಲಂಗಡಿಗಳಲ್ಲಿ, ಸಂತೆಯಲ್ಲಿ, ಅಜ್ಜನ ಪೆಟ್ಟಿಗೆಯ ತಳದಲ್ಲಿ ಕಣ್ಣಾಡಿಸಿ. ಮಡಚಿದಾಗ ಅಲಗಿನ ಮೊನೆ ಹಿಡಿಯ ಸೀಳಿನ ತುದಿಯ ಹತ್ತಿರ ಬರಬೇಕು. ತೀರಾ ಹಿಂದೆ ನಿಂತಿದ್ದರೆ ಮಸೆದು ಮಸೆದು ಸವೆದಿದೆ ಎಂದರ್ಥ. ಕೆಂಪು ತುಕ್ಕಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಹಿತ್ತಾಳೆ ಬ್ರಶ್‌ನಿಂದ ಉಜ್ಜಿ. ಹಳೇ ಕಪ್ಪನ್ನು ಮಾತ್ರ ತಿಕ್ಕಿ ಹೊಳೆಸಬೇಡಿ. ಅದಕ್ಕೇ ಬೆಲೆ.

ಕಾನೂನು, ಪ್ರಯಾಣ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಸಾಲಿಗೆ ಸೇರುತ್ತದೆ. ಮನೆ, ಕೃಷಿ ಮೊದಲಾದ ಕೆಲಸಕ್ಕೆಂದೇ ಮಾಡಿದವುಗಳಿಗೆ ವಿನಾಯಿತಿ ಇದೆ. ಜೇಬುಚಾಕು ಈ ಅಳತೆಗಿಂತ ಎಷ್ಟೋ ಚಿಕ್ಕದು. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ತಂಟೆಗೆ ಹೋಗಬೇಡಿ. ಜಾತ್ರೆ, ಮೆರವಣಿಗೆಯ ಜನಜಂಗುಳಿಗೆ ಯಾವ ಚಾಕುವನ್ನೂ ಒಯ್ಯಬೇಡಿ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗದಿಂದಲೇ ವಿಮಾನ ಹತ್ತುವವರು ಇದ್ದಾರೆ. ಹೊರಡುವ ಮುನ್ನ ಕೀಚೈನ್ ನೋಡಿಕೊಳ್ಳಿ. ಬೆರಳುದ್ದದ ಚಾಕುವಾದರೂ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಲಗೇಜಿನಲ್ಲೇ ಹಾಕಬೇಕು.